ಒಂದು ಬೆರಳು ಕೆಳಗೆ

“ಇದು ಕಿಡಕಿ ನೋಡ್ರಿ,” ಎಂದು ಶೌಕತ ಅಲಿ ಗಾಳಿಯನ್ನು ತೋರಿಸಿದ.

ಭುವನೇಶ್ವರಿ ನೋಡಿದಳು. ಕಿಟಕಿ ಇರಬೇಕಾದಲ್ಲಿ ಒಂದು ಬೇವಿನ ಮರವಿತ್ತು. ಅದರಾಚೆ ಒಂದಕ್ಕೊಂದು ಒರಗಿ ನಿಂತ ಫರಸಿ ಕಲ್ಲುಗಳು, ಅವುಗಳಾಚೆ ಧೂಳು ಹಿಡಿದ ಶಹಾಬಾದಿನ ಆಕಾಶ.

“ಇದು ಬಾಗ್ಲ. ಇಲ್ಲಿ ಫ್ರಿಜ್ ಬರ್ತದ. ಇಲ್ಲಿ ನಳ, ಅದರ ಬಾಜೂಕ ಭಾಂಡಿ ತೊಳಿಯೋ ಸಿಂಕು. ನೀವ್ ಈಗ ನಿಂತೀರಲ್ಲ, ಅದು ಒಲಿ ಮುಂದ.”

ಅವಳು ಒಲೆಯ ಮುಂದಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ಗ್ವಾಡಿ ದಾಟಿದ್ರಿ!” ಎಂದು ಅವನು ನಕ್ಕ. ಕಲ್ಲು ಕೊಯ್ಯುವ ಆಳುಗಳೂ ನಕ್ಕರು. ಭುವನೇಶ್ವರಿ ನೆಲದ ಮೇಲೆ ಎಳೆದಿದ್ದ ಸುಣ್ಣದ ಗೆರೆ ನೋಡಿ, ಸೀರೆಯ ನೆರಿಗೆ ಹಿಡಿದುಕೊಂಡು, ಗೋಡೆಯೊಳಕ್ಕೆ ವಾಪಸು ಬಂದಳು. ತಾನೂ ನಗಬೇಕಿತ್ತೇನೋ ಎಂದು ಆಮೇಲೆ ಅನಿಸಿತು. ಅಷ್ಟರಲ್ಲಿ ಅವರ ನಗು ಮುಗಿದಿತ್ತು.

ಶೌಕತ ಅಲಿಯ ಈ ಕಲ್ಲಿನ ಅಡ್ಡಾದಲ್ಲಿ ದೂರದ ಊರಿಗೆ ಹೋಗುವ ಅಡುಗೆಮನೆಯನ್ನು ಮೊದಲು ಅಂಗಳದಲ್ಲಿ ನಿಲ್ಲಿಸುತ್ತಾರೆ. ಸಿಮೆಂಟಿಲ್ಲ, ಗಾರೆಯಿಲ್ಲ. ಗೆರೆ ಎಳೆದು, ಕಾಲುಗಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ಮೇಲೆ ಹಾಸುಗಲ್ಲು ಹೊರಿಸಿ ಕಟ್ಟೆ ಮಾಡಿ, ಮನೆಯ ಹೆಂಗಸನ್ನು ಕರೆಸಿ ಒಳಗೆ ನಿಲ್ಲಿಸುತ್ತಾರೆ. ಸರಿಯಾಯಿತು ಎಂದು ಅವಳು ಅಂದರೆ ಕಲ್ಲಿನ ಬೆನ್ನಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು, ಬಿಚ್ಚಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಈ ಅಡುಗೆಮನೆ ದಾರ್ ಎಸ್ ಸಲಾಮಿಗೆ ಹೋಗುವುದಿತ್ತು. ಮನೆಯ ಹೆಂಗಸು ಹೋಗಿಬಿಟ್ಟಿದ್ದಳು. ಅವಳ ತಂಗಿಯನ್ನು ಕರೆಸಿದ್ದರು.

ತಂದೆ ಗುರುಲಿಂಗಯ್ಯ ಬೇವಿನ ನೆರಳಲ್ಲಿ ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತು ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಚಿತ್ತಾಪುರದಲ್ಲಿ ಅವರದು ಬಿತ್ತನೆ ಬೀಜದ ಅಂಗಡಿ. ಬೆಳಿಗ್ಗೆಯಿಂದ ಅವರು ಮಗಳ ಮುಖ ನೋಡಿರಲಿಲ್ಲ. ರೈಲಿನಲ್ಲಿ ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ತಾವು ತಿರುಗದೆ ನಿಂತ ಫ್ಯಾನನ್ನು ನೋಡುತ್ತಾ ಬಂದಿದ್ದರು. ವಾಡಿಯಲ್ಲಿ ಗಾಡಿ ಬದಲಿಸುವಾಗ ಮಾತ್ರ ಸಿಮೆಂಟು ಕಾರ್ಖಾನೆಯ ಚಿಮಣಿಯತ್ತ ಕೈ ಮಾಡಿ, “ಸಂಗಮೇಶ ಮೊದಲ ಇಲ್ಲೇ ಇದ್ದ,” ಎಂದಿದ್ದರು.

“ಗೊತ್ತದ.”

“ಹೂಂ. ಗೊತ್ತಿರಬೇಕು.”

ಸಂಗಮೇಶ್ವರ ಅವಳ ಅಕ್ಕ ಭಾಗ್ಯಜ್ಯೋತಿಯ ಗಂಡ. ತೆಂಗಳಿಯವನು. ವಾಡಿಯ ಸಿಮೆಂಟಿನಿಂದ ಆಫ್ರಿಕಾದ ಸಿಮೆಂಟಿಗೆ ಹೋಗಿ, ಸಮುದ್ರದ ಹತ್ತಿರ ಮನೆ ಮಾಡಿಕೊಂಡವನು. ಕಪಾಟು, ನಳ, ಹೊಗೆ ಎಳೆಯುವ ಯಂತ್ರ ಎಲ್ಲ ಅಲ್ಲಿಯೇ ಸಿಕ್ಕಿದ್ದವು. ಕಟ್ಟೆಯ ಕಲ್ಲು ಮಾತ್ರ ಇಲ್ಲಿಂದಲೇ ಹೋಗಬೇಕೆಂದು ಅವನ ತಾಯಿ ಗುರುದೇವಿ ಹಟ ಹಿಡಿದಿದ್ದರು. ನಮ್ಮ ಕಲ್ಲಿನ ಮೇಲೆ ಬಡಿದರೆ ಅದು ರೊಟ್ಟಿ, ಗಾಜಿನಂಥ ಕಲ್ಲಿನ ಮೇಲೆ ಬಡಿದರೆ ಅದು ಹಪ್ಪಳ ಎನ್ನುವುದು ಅವರ ಮಾತು. ಕಂಪನಿಯ ಬಿಡಿಭಾಗಗಳು ಮುಂಬಯಿಯಿಂದ ಹಡಗಿನಲ್ಲಿ ಹೋಗುತ್ತಿದ್ದವು. ಅವುಗಳ ಜೊತೆ ಕಲ್ಲೂ ಹೋಗಬಹುದಿತ್ತು.

ಹೋದ ವರ್ಷ ರಜೆಗೆ ಬಂದ ಭಾಗ್ಯಜ್ಯೋತಿ ಈ ಕಲ್ಲು ಆರಿಸಿದ್ದಳು. ಕಟ್ಟೆಯ ಎತ್ತರ ಸರಿಬರಲಿಲ್ಲವೆಂದು ಮತ್ತೆ ಮತ್ತೆ ಕೊಯ್ಸಿದ್ದಳು. ಹಡಗುಗಳು ತಪ್ಪಿದವು. ಕಡೆಗೆ ಕಲ್ಲು ಇಲ್ಲೇ ಬಿಟ್ಟು ಅವಳೊಬ್ಬಳೇ ವಿಮಾನ ಹತ್ತಿದಳು. ದೀಪಾವಳಿಯ ಸುಮಾರಿಗೆ ಜ್ವರ ಎಂದು ಫೋನು ಬಂತು. ಆಮೇಲೆ ಇನ್ನೊಂದು ಫೋನು. ಅಲ್ಲಿಯೇ ಮಣ್ಣು ಮಾಡಿದರು. ಗುರುಲಿಂಗಯ್ಯ ಮಗಳ ಮಣ್ಣನ್ನು ಅಂಗಡಿಯ ಗಲ್ಲೆಯ ಹಿಂದೆ ಕೂತು ಮೊಬೈಲಿನಲ್ಲಿ ನೋಡಿದರು. ನಡುವೆ ಚಿತ್ರ ನಿಂತುಹೋಯಿತು. ಮತ್ತೆ ಬಂದಾಗ ಎಲ್ಲ ಮುಗಿದು ಜನ ಕಾರು ಹತ್ತುತ್ತಿದ್ದರು.

ಯುಗಾದಿ ಕಳೆದ ಮೇಲೆ ಗುರುದೇವಿ ಚಿತ್ತಾಪುರಕ್ಕೆ ಬಂದು ಕೂತರು. “ಮನಿ ಆಗೇದ, ಕಲ್ಲು ಆಗ್ಯಾವ, ಹುಡುಗಿ ಮನ್ಯಾಗೇ ಅದಾಳ. ಇನ್ನೇನು ಹುಡುಕೋದು?” ಎಂದರು. ಆಮೇಲೆ ದನಿ ತಗ್ಗಿಸಿ, “ಹೋದ ಸಲ ಕಟ್ಟಿ ಇಲ್ಲದ ಮನ್ಯಾಗ ಹೆಣ್ಣಮಗಳು ಹೊಕ್ಕಳು. ಅದಕ್ಕೇ ಹಿಂಗಾತು. ಈ ಸಲ ಮೊದಲ ಕಟ್ಟಿ, ಆಮ್ಯಾಲ ಹುಡುಗಿ,” ಎಂದರು.

ಹಾಗೆಂದು ನಿಶ್ಚಯವಾಯಿತು. ಕಲ್ಲು ಈ ವಾರದ ಹಡಗಿಗೆ ಹೋಗಬೇಕು. ಸಂಗಮೇಶ್ವರ ಬಂದ ಕೂಡಲೇ ನಾಲವಾರದ ಮಠದಲ್ಲಿ ನಾಲ್ಕು ಜನರ ಮುಂದೆ ಲಗ್ನ. ಈ ಹಡಗು ತಪ್ಪಿದರೆ ಆಷಾಢ ಅಡ್ಡ ಬರುತ್ತದೆ, ಅವನ ರಜೆ ಮುಗಿಯುತ್ತದೆ. ದೀಪಾವಳಿಗೆ ವರ್ಷ ತುಂಬುತ್ತದೆ. ಸತ್ತ ವರ್ಷದೊಳಗೆ ಆಗದಿದ್ದರೆ ಮೂರು ವರ್ಷ ಲಗ್ನದ ಮಾತೆತ್ತುವಂತಿಲ್ಲ. ಅಷ್ಟು ದಿನ ಯಾರು ಕಾಯುತ್ತಾರೆ? ಹಡಗು ತಪ್ಪಿದರೆ ಈ ಮಾತೇ ಮುರಿದಂತೆ.

ಇದೆಲ್ಲ ಭುವನೇಶ್ವರಿಯ ಮುಂದೆಯೇ ನಡೆದಿತ್ತು. ಅವಳು ಚಹಾ ಕೊಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಎತ್ತರ ಕೇಳಿದರು.

“ಅಕ್ಕನಕಿಂತ ಗಿಡ್ಡ ಅದಾಳ,” ಎಂದು ಅವ್ವ ಹೇಳಿದಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

“ಎತ್ತರ ಆದ್ರ ತಗ್ಗಸೋದು,” ಎಂದರು ಗುರುದೇವಿ. “ಕಲ್ಲಿಗೇನು.”

ಅವಳು ಸೇಡಮ್ಮಿನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ಆಫ್ರಿಕಾವನ್ನು ಕೈಯೆತ್ತದೆ ಒಂದೇ ಗೆರೆಯಲ್ಲಿ ಬಿಡಿಸುವುದು ಅವಳಿಗೆ ಬರುತ್ತಿತ್ತು. ಒಳಗೆ ಏನದ ಟೀಚರ್ ಎಂದು ಹುಡುಗಿಯರು ಕೇಳಿದರೆ, ಖನಿಜ ಎನ್ನುತ್ತಿದ್ದಳು. ಗುರುದೇವಿ ಬಂದುಹೋದ ಮರುದಿನವೂ ಬಿಡಿಸಿದಳು. ಗೆರೆ ತಪ್ಪಲಿಲ್ಲ. ತಪ್ಪಬಹುದೆಂದು ಅವಳು ಕಾದಿದ್ದಳು.

ಬೇಡ ಎನ್ನಲು ಒಂದು ಕಾರಣ ಬೇಕು. ಸಂಗಮೇಶ್ವರ ಕುಡಿಯುವವನಲ್ಲ, ಬಡಿಯುವವನಲ್ಲ. ಅವಳ ಮನಸ್ಸಿನಲ್ಲಿ ಇನ್ನೊಬ್ಬರಿರಲಿಲ್ಲ. ಹುಡುಕಿದಳು, ಬೇಡ ಎನ್ನುವುದಕ್ಕೂ ಏನೂ ಸಿಗಲಿಲ್ಲ, ಬೇಕು ಎನ್ನುವುದಕ್ಕೂ ಸಿಗಲಿಲ್ಲ. ಬಾಗಿಲು ತೆಗೆದರೆ ಖಾಲಿ ಕೋಣೆ ಕಂಡ ಹಾಗೆ. ಖಾಲಿ ಕೋಣೆಯಲ್ಲಿ ಯಾರು ಏನು ಬೇಕಾದರೂ ತಂದು ಇಡಬಹುದು.

“ಅವ್ವಾರೆ, ಒಂದು ಮಾತು,” ಎಂದು ಶೌಕತ ಅಲಿ ಹತ್ತಿರ ಬಂದ. ದನಿ ಇಳಿಸಿದ. “ನಮ್ಮ ಅಮ್ಮೀಗಿ ನಿಮ್ಮ ಅಕ್ಕನ ಸುದ್ದಿ ಹೇಳಿಲ್ಲರಿ. ಭಾಳ ಹಚಗೊಂಡಿದ್ದಳು. ಕೇಳಿದ್ಳಂದ್ರ ಉಣ್ಣೋದು ಬಿಡ್ತಾಳ. ಕಣ್ಣು ಬ್ಯಾರೆ ಮಂಜಾಗ್ಯಾವ. ನಿಮ್ಮನ್ನ ನೋಡಿ ಆಕೀನೇ ಅಂದ್ಲಂದ್ರ… ಸ್ವಲ್ಪ ಹೊತ್ತು ಹೂಂ ಅಂದುಬಿಡ್ರಿ. ಪುಣ್ಯ ಬರ್ತದ.”

ಭುವನೇಶ್ವರಿ ತಂದೆಯ ಕಡೆ ನೋಡಿದಳು. ಅವರಿಗೆ ಕೇಳಿಸಿತ್ತು. ಅವರು ಟೋಪಿಯ ಒಳಗಿನ ಬೆವರನ್ನು ಒರೆಸುತ್ತಿದ್ದರು.

“ಆಗಲಿ,” ಎಂದಳು.

ಶೌಕತನ ತಾಯಿ ಜೈತುನ್ಬೀ ಚಹಾದ ತಟ್ಟೆ ಹಿಡಿದುಕೊಂಡು, ಕಲ್ಲುಗಳ ನಡುವೆ ಕಾಲಿನಿಂದ ದಾರಿ ತಡಕುತ್ತಾ ಬಂದಳು. ತಟ್ಟೆಯನ್ನು ಅಡುಗೆಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ಭುವನೇಶ್ವರಿಯ ಮುಖ ಹಿಡಿದಳು. ಕೈಗೆ ಹಸಿ ಶುಂಠಿಯ ವಾಸನೆ.

“ಬಂದ್ಯಾ ಬೇಟಿ! ನಾ ಅಂದಿದ್ದಿಲ್ಲ, ಬಂದೇ ಬರ್ತಾಳ ಅಂತ? ಈ ಶೌಕತ ಹೇಳವಲ್ಲ, ಕೇಳಿದ್ರ ಮಾರಿ ತಿರುವ್ತಾನ. ಅರೆ, ಎಷ್ಟ ಸೊರಗೀ! ಗಿಡ್ಡ ಬ್ಯಾರೆ ಆಗೀ ಅನಸ್ತದ.”

“ನೀರು ಬದಲಾತಲ್ಲ ಅಮ್ಮಿ,” ಎಂದ ಶೌಕತ ಅಲಿ ಅವಸರದಿಂದ.

“ನೀರು ಬದಲಾದ್ರ ಮಂದಿ ಗಿಡ್ಡ ಆಗ್ತಾರೇನೋ ಹುಚ್ಚ? ಚಪ್ಪಲಿ ಬದಲಾಗಿರ್ತಾವ. ಹೌದಲ್ಲ ಬೇಟಿ?”

“ಹೌದ್ರಿ,” ಎಂದಳು ಭುವನೇಶ್ವರಿ.

ಇಷ್ಟು ಸುಲಭ ಎಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಶಬ್ದ ಸಾಕಾಗಿತ್ತು. ಗುರುಲಿಂಗಯ್ಯ ಚಹಾದ ಕಪ್ಪಿನೊಳಗೆ ನೋಡಿದರು, ಅಲ್ಲಿ ಏನೋ ಬಿದ್ದಿದೆ ಎಂಬಂತೆ.

“ಬಾ, ನಿನ್ನ ರೊಟ್ಟಿ ತೋರಸ್ತೀನಿ. ಹಂಗೇ ಇಟ್ಟೀನಿ.” ಜೈತುನ್ಬೀ ಅವಳ ಕೈ ಹಿಡಿದು ಅಂಗಳದ ಆಚೆ ಬದಿಗೆ ಕರೆದೊಯ್ದಳು. ಹೋಗುವಾಗ ಇಬ್ಬರೂ ಗೋಡೆ ದಾಟಿದರು. ಈ ಸಲ ಯಾರೂ ನಗಲಿಲ್ಲ.

ಅಂಗಳದ ಬಿಸಿಲಿನ ಗೋಡೆಗೆ, ಸೆಗಣಿಯ ಕುಳ್ಳು ಬಡಿದ ಹಾಗೆ, ದುಂಡನೆಯ ಬೂದುಬಣ್ಣದ ಬಿಲ್ಲೆಗಳು ಅಂಟಿದ್ದವು. ಕಲ್ಲಿಗೆ ಪಾಲಿಶು ಹಾಕುವಾಗ ಹರಿಯುವ ರಾಡಿ ತಳದಲ್ಲಿ ಕೂತು ನುಣ್ಣನೆಯ ಹಿಟ್ಟಾಗುತ್ತದೆ. ಕಲ್ಲಹಿಟ್ಟು ಎನ್ನುತ್ತಾರೆ. ನಾದಿದರೆ ಜೋಳದ ಹಿಟ್ಟಿನ ಹಾಗೆಯೇ. ಕಟ್ಟೆಯ ಎತ್ತರ ನೋಡಲು ಬರುವ ಹೆಂಗಸರಿಗೆ ಇಲ್ಲಿ ಅದರ ಒಂದು ಉಂಡೆ ಕೊಟ್ಟು ರೊಟ್ಟಿ ಬಡಿಯಲು ಹೇಳುತ್ತಾರೆ. ಧೂಳಿನ ಕಲ್ಲಿನ ಮೇಲೆ ನಿಜವಾದ ಹಿಟ್ಟು ಕೆಡಿಸಬಾರದು, ಅನ್ನದ ಶಾಪ ಬರುತ್ತದೆ ಎಂದು. ರೊಟ್ಟಿ ದುಂಡಗೆ ತಿರುಗಿದರೆ ಎತ್ತರ ಸರಿ. ಒಂದು ಕಡೆ ದಪ್ಪ ಉಳಿದರೆ ಹೆಗಲು ಏರಿದೆ, ಕಟ್ಟೆ ಎತ್ತರವಾಗಿದೆ ಎಂದು ಲೆಕ್ಕ. ಬಡಿದ ಮೇಲೆ ಎಸೆಯಲು ಜೈತುನ್ಬೀಗೆ ಮನಸ್ಸಾಗುವುದಿಲ್ಲ. ಕಲ್ಲಿನದಾದರೂ ರೊಟ್ಟಿ ರೊಟ್ಟಿಯೇ.

“ಇದು ಮೊದಲ ಬಂದಾಗಿಂದು. ಇದು ಎರಡನೇದು. ಇದು ಕಡೀದು,” ಎಂದು ಬೆರಳಿನಿಂದ ತಡವಿ ತೋರಿಸಿದಳು. ಉಳಿದ ಬಿಲ್ಲೆಗಳಿಂದ ದೂರ, ಮೂರು ಒಂದೇ ಸಾಲಿನಲ್ಲಿದ್ದವು. ಮೂರೂ ದುಂಡಗಿದ್ದವು. ಕೈಬೆರಳಿನ ಗುರುತುಗಳು ಸುತ್ತಲೂ ಒಂದೇ ಸಮನೆ ಇದ್ದವು.

ಭುವನೇಶ್ವರಿಗೆ ಕೂಡಲೇ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು.

“ಮೂರೂ ಸಲ ಸರೀನೇ ಬಂದಾವ,” ಎಂದಳು.

ಜೈತುನ್ಬೀ ಹಲ್ಲಿಲ್ಲದ ಬಾಯಿಗೆ ಸೆರಗು ಹಿಡಿದು ಕಿಸಕ್ಕನೆ ನಕ್ಕಳು. “ಮತ್ತ! ನನ್ನ ಮುಂದ ನಾಟಕ ಮಾಡ್ತೀ? ನೀನೇ ನನ್ನ ಕಿವ್ಯಾಗ ಅಂದಿದ್ದಿ. ಕಟ್ಟಿ ಸರಿ ಅದ ಅಮ್ಮಿ, ಹೇಳಬ್ಯಾಡ, ಒಂದ್ ಬೆರಳು ಹೆಚ್ಚಾತು ಅಂತೀನಿ. ಮತ್ತ ಕೊಯ್ಯಲಿ, ಮತ್ತ ಪಾಲೀಶ್ ಹಾಕಲಿ, ಅಷ್ಟರಾಗ ಹಡಗ ಹೋಗ್ತದ. ಶೌಕತಗ ನಾ ಹೇಳಿಲ್ಲ ಬಿಡು. ತವರಮನಿ ಬಿಟ್ಟು ಹೋಗಲಾಕ ಯಾರಿಗಿ ಮನಸ್ಸಾಗ್ತದ? ನಾನೂ ಲಗ್ನ ಆದ ಹೊಸದಾಗ ಚಿಂಚೋಳಿಂದ ಬರೋ ಮುಂದ ಬಸ್ಸಿನ ಚೀಟಿ ನುಂಗಿದ್ದೆ!”

“ನಾ ಮತ್ತೇನ ಅಂದಿದ್ದೆ?”

“ಮರತ್ಯಾ? ಅಲ್ಲೇನು ಅಂಥಾ ತ್ರಾಸದ ಬೇಟಿ, ಅತ್ತಿ ಕಾಟಾನೋ ಗಂಡನ ಕಾಟಾನೋ ಅಂತ ನಾ ಕೇಳ್ದೆ. ಏನೂ ಇಲ್ಲ ಅಂದಿ. ಏನೂ ಇಲ್ಲಾಂದ್ರ ಮತ್ಯಾಕ ಅಳ್ತೀ ಅಂದೆ. ಏನೂ ಇಲ್ಲ, ಅದಕ್ಕೇ ಅಂದಿ.” ಮುದುಕಿ ಅವಳ ಕೆನ್ನೆ ಮುಟ್ಟಿ ನೋಡಿದಳು. “ಈಗ ಅಳಂಗಿಲ್ಲಲ್ಲ? ರೂಢಿ ಆಗಿರಬೇಕು.”

“ರೂಢಿ ಆಗೇದ,” ಎಂದಳು ಭುವನೇಶ್ವರಿ.

ಅಕ್ಕ ಆ ತಿಂಗಳುಗಳಲ್ಲಿ ಮನೆಯಲ್ಲಿ ಹೇಗಿದ್ದಳು? ಅವಳು ನೆನಪಿಸಿಕೊಳ್ಳಲು ನೋಡಿದಳು. ಕೂದಲು ಒಣಗಿಸುತ್ತಿದ್ದಳು. ಟೀವಿ ನೋಡುತ್ತಿದ್ದಳು. ಅಡ್ಡಾಕ್ಕೆ ಹೋಗಿಬಂದ ದಿನ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು. ಅವಳ ಪಕ್ಕದಲ್ಲಿಯೇ ಭುವನೇಶ್ವರಿ ಮಲಗುತ್ತಿದ್ದಳು, ಮೊಬೈಲಿನ ಬೆಳಕಿಗೆ ಬೆನ್ನು ತಿರುಗಿಸಿ. ಏನಾದರೂ ಕೇಳಿದ್ದಳೇ? ಅಲ್ಲಿ ಸೆಕೆ ಇದೆಯೇ ಎಂದು ಕೇಳಿದ್ದಳು. ಭೂಗೋಳಕ್ಕೆ ಬೇಕಾಗಿತ್ತು.

ಮೂರೂ ಸಲ ಅಕ್ಕನ ಜೊತೆ ಅಪ್ಪನೇ ಬಂದಿದ್ದರು. ಈ ಗೋಡೆ ಅಪ್ಪನಿಗೂ ಕಂಡಿರಬೇಕು.

“ಭುವನಾ,” ಎಂದು ಗುರುಲಿಂಗಯ್ಯ ಕೂಗಿದರು. ಜೈತುನ್ಬೀಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಅದು ಬೇರೆ ಯಾರದೋ ಹೆಸರೆಂದುಕೊಂಡಳೋ. “ಸಂಗಮೇಶನ ಫೋನು.”

ಮೊಬೈಲು ಶೌಕತ ಅಲಿಯ ಕೈಯಲ್ಲಿತ್ತು. ಪರದೆಯಲ್ಲಿ ಸಂಗಮೇಶ್ವರ ಹೆಲ್ಮೆಟ್ಟು ತೆಗೆದು ಕೂದಲು ಸರಿಮಾಡಿಕೊಂಡ. ಮುಂದಲೆ ಸ್ವಲ್ಪ ಹಿಂದೆ ಸರಿದಿತ್ತು. ಅವನನ್ನು ಅವಳು ಮಾಮಾ ಎಂದು ಕರೆಯುತ್ತಿದ್ದಳು. ಆಮೇಲೆ ಏನೆಂದು ಕರೆಯಬೇಕು ಎಂಬುದು ಅವಳಿಗೆ ಒಂದು ಸಲ ಹೊಳೆದು, ಮುಂದೆ ಹೋಗದೆ ನಿಂತಿತ್ತು.

“ಬಂದ್ರಾ? ಬಿಸಲು ಭಾಳ ಅದೇನು?”

“ಹೂಂ.”

“ಇಲ್ಲಿ ಮಳಿ.” ಅವನು ಪರದೆಯ ಹತ್ತಿರ ಬಗ್ಗಿದ. “ಶೌಕತ ಭಾಯಿ, ಕ್ಯಾಮೆರಾ ಸ್ವಲ್ಪ ಕೆಳಗ ಮಾಡ್ರಿ. ಭುವನಾ ಬಾಜೂಕ ಸರೀಲಿ, ಸಿಂಕಿನ ತೂತು ಕಾಣವಲ್ದು.”

ಅವಳು ಸರಿದಳು. ಕ್ಯಾಮೆರಾ ಕಲ್ಲಿನ ಮೇಲೆ ಮೆಲ್ಲಗೆ ಹೋಯಿತು. ಛಂದ ಬಂದದ, ಛಂದ ಬಂದದ ಎಂದು ದೂರದಿಂದ ದನಿ ಬರುತ್ತಿತ್ತು. ಆಮೇಲೆ ಅವನು ತನ್ನ ಬಳಿಯಿದ್ದ ಒಂದು ವೀಡಿಯೊ ತೋರಿಸಿದ. ಬಿಳಿ ಗೋಡೆ. ಗೋಡೆಯಿಂದ ಹೊರಬಂದ ಪೈಪುಗಳ ಬಾಯಿಗೆ ಪ್ಲಾಸ್ಟಿಕ್ಕು ಕಟ್ಟಿತ್ತು. ಹೊಸ ಕಪಾಟುಗಳು, ಬಾಗಿಲ ಮೇಲಿನ ಹಾಳೆ ಇನ್ನೂ ತೆಗೆದಿರಲಿಲ್ಲ. ನಡುವೆ ಕಟ್ಟೆ ಇರಬೇಕಾದ ಜಾಗ ಖಾಲಿ. ಕಿಟಕಿಯಲ್ಲಿ ಸಮುದ್ರ ಕಾಣುತ್ತದೆ ಎಂದು ಅವನು ಹೇಳಿದ. ಕಂಡದ್ದು ಒಂದು ಬೆಳ್ಳಗಿನ ಚೌಕ.

“ಎಲ್ಲಾ ಅದ ಇಲ್ಲಿ,” ಎಂದ ಸಂಗಮೇಶ್ವರ. “ಏನೂ ತ್ರಾಸಿಲ್ಲ.”

“ಮಾಮಾ,” ಎಂದಳು ಭುವನೇಶ್ವರಿ. ತನ್ನ ದನಿ ತನಗೇ ಹೊರಗಿನಿಂದ ಕೇಳಿಸಿತು. “ಅಕ್ಕ ಅಲ್ಲಿ ರೊಟ್ಟಿ ಮಾಡ್ತಿದ್ದಳಾ?”

ಚಿತ್ರ ನಿಂತಿತೋ, ಅವನೇ ಅಲುಗಾಡದೆ ಕೂತನೋ ಗೊತ್ತಾಗಲಿಲ್ಲ. ಆಮೇಲೆ ಕಣ್ಣು ಮಿಟುಕಿಸಿದ.

“ಮಾಡ್ತಿದ್ಲು. ಮೊದಮೊದಲ.”

“ಆಮ್ಯಾಲ?”

“ಆಮ್ಯಾಲ ಬ್ರೆಡ್ಡು. ನಂಗೂ ಟೈಮ್ ಇರಲ್ಲ, ಆಕೀಗೂ… ಒಬ್ಬಾಕಿಗಂತ ಎಲ್ಲಿ ಬಡಕೋತ ಕುಂದ್ರೋದು.” ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸಿದ. ಅವನು ಕೆಟ್ಟವನಂತೆ ಕಾಣಲಿಲ್ಲ. ತಪ್ಪಾದ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುತ್ತಿರುವವನಂತೆ ಕಂಡ. “ನೀ ಎತ್ತರ ಸರಿಯಾಗಿ ನೋಡ್ಕೊ. ಹೋದ ಸಲದಂಗ ಆಗಬಾರದು. ಅವ್ವ ಒಂದೇ ಸಮ ಫೋನ್ ಮಾಡಲಿಕತ್ತಾಳ. ನಾ ಇಡ್ತೀನಿ, ಇಲ್ಲಿ ಸಿಮೆಂಟಿನ ಭಟ್ಟಿ ಬಂದ್ ಆಗೇದ.”

ಅವನನ್ನಾದರೂ ಯಾರಾದರೂ ಒಪ್ಪಿಗೆ ಕೇಳಿರಬಹುದೇ ಎಂದು ಅವಳಿಗೆ ಅನಿಸಿತು. ಅಷ್ಟರಲ್ಲಿ ಪರದೆಯಲ್ಲಿ ಅವಳದೇ ಮುಖ ಬಂದಿತ್ತು, ಬೇವಿನ ಎಲೆಗಳ ನೆರಳು ಬಿದ್ದು.

“ಬರ್ರಿ, ಆಗೇ ಬಿಡ್ಲಿ,” ಎಂದ ಶೌಕತ ಅಲಿ. ಕಲ್ಲಹಿಟ್ಟಿನ ಉಂಡೆಯನ್ನು ತಂದು ಕಟ್ಟೆಯ ಮೇಲಿಟ್ಟ. “ಅಯ್ಯನೋರ, ಒಂದು ಮಾತು ಈಗೇ ಹೇಳ್ತೀನಿ. ಎತ್ತರ ಬಂತಂದ್ರ ಒಂದ್ ಬೆರಳು ತಗ್ಗಸಬಹುದು, ಆದ್ರ ಈ ಹಡಗ ಸಿಗೋದು ಕಷ್ಟ. ಗಿಡ್ಡ ಬಂತಂದ್ರ ನನ್ನ ಕೈಲಿ ಏನೂ ಆಗಂಗಿಲ್ಲ. ಕೊಯ್ದ ಕಲ್ಲು ಬೆಳಿಯಂಗಿಲ್ಲ. ಈ ಪದರಿನ ಕಲ್ಲು ಮುಗದದ, ಆ ಖಣಿ ತುಂಬ ಈಗ ನೀರು ನಿಂತದ. ಮತ್ತ ಒಂದ್ ಬೆರಳು ಅಂದ್ರೂ ಗರಗಸ ಎರಡು ಬೆರಳು ತಿಂತದ. ಈಗಾಗಲೇ ಮೂರು ಸಲ ಕೊಯ್ದದ್ದು.”

“ನೋಡೂಣ,” ಎಂದರು ಗುರುಲಿಂಗಯ್ಯ.

“ಆಕೀಗಿ ಎಲ್ಲಾ ಗೊತ್ತದ,” ಎಂದಳು ಜೈತುನ್ಬೀ ಕಟ್ಟೆಗೆ ಆತು ನಿಂತು. “ನಾಕನೇ ಸಲ ಆಕೀದು.”

ಭುವನೇಶ್ವರಿ ಬಳೆಗಳನ್ನು ಮೇಲಕ್ಕೆ ಸರಿಸಿ, ಉಂಡೆಯನ್ನು ಅಂಗೈಯಿಂದ ಒತ್ತಿದಳು. ತಣ್ಣಗಿತ್ತು. ಜೋಳದ ಹಿಟ್ಟನ್ನು ಬಿಸಿನೀರಲ್ಲಿ ನಾದುವ ಕೈಗೆ ಆ ತಂಪು ಮೊಣಕೈಯವರೆಗೆ ಹತ್ತಿತು. ಬಡಿಯತೊಡಗಿದಳು. ಆಳುಗಳು ಯಂತ್ರ ನಿಲ್ಲಿಸಿ ನೋಡುತ್ತಿದ್ದರು. ಅಂಗಳದಲ್ಲಿ ಅವಳ ಕೈಯ ಸದ್ದು ಒಂದೇ ಉಳಿಯಿತು. ಮನೆಯಲ್ಲಿ ಹಾಗೆ ಕೇಳಿಸುವುದಿಲ್ಲ, ಗೋಡೆಗಳು ನುಂಗುತ್ತವೆ.

ಅಕ್ಕನಿಗಾಗಿ ಮಾಡಿಸಿದ ಕಟ್ಟೆ ತನಗೆ ಎತ್ತರವಾಗುತ್ತದೆ ಎಂದು ಅವಳು ರೈಲಿನಲ್ಲಿಯೇ ಎಣಿಸಿದ್ದಳು. ಎಲ್ಲರೂ ಎಣಿಸಿದ್ದರು. ಹೆಗಲು ಏರುತ್ತದೆ, ರೊಟ್ಟಿ ಒಂದು ಕಡೆ ದಪ್ಪ ಉಳಿಯುತ್ತದೆ, ಏನು ಮಾಡುವುದೆಂದು ಗಂಡಸರು ಮಾತಾಡಿಕೊಳ್ಳುತ್ತಾರೆ, ತಾನು ಸುಮ್ಮನೆ ನಿಂತಿರುತ್ತೇನೆ ಎಂದುಕೊಂಡಿದ್ದಳು.

ಹೆಗಲು ಏರಲಿಲ್ಲ. ಮೊಣಕೈ ಎಲ್ಲಿ ಬಾಗಬೇಕೋ ಅಲ್ಲಿಯೇ ಬಾಗಿತು. ಬೆನ್ನು ನೆಟ್ಟಗಿತ್ತು, ಮಣಿಕಟ್ಟು ಹಗುರಾಗಿತ್ತು, ರೊಟ್ಟಿ ತಾನಾಗಿಯೇ ಕೈಕೆಳಗೆ ತಿರುಗತೊಡಗಿತು. ಚಿತ್ತಾಪುರದ ಮನೆಯ ಕಟ್ಟೆಯ ಮೇಲೂ ಅದು ಹಾಗೆ ತಿರುಗಿರಲಿಲ್ಲ. ತಿರುಗುತ್ತಾ ತಿರುಗುತ್ತಾ ಅಗಲವಾಯಿತು, ತೆಳುವಾಯಿತು, ಎಲ್ಲಿಯೂ ಒಡೆಯಲಿಲ್ಲ.

ಅವಳ ಕೈ ನಡೆಯುತ್ತಲೇ ಇತ್ತು, ತಲೆ ನಿಂತುಬಿಟ್ಟಿತು. ತಾನು ಹೋಗುವುದು ತಪ್ಪಲೆಂದು ಅಕ್ಕ ಒಂದೊಂದೇ ಬೆರಳು ತಗ್ಗಿಸಿದ್ದಳು. ತಗ್ಗಿಸಿ ತಗ್ಗಿಸಿ, ಕಟ್ಟೆ ಯಾರ ಅಳತೆಗೆ ಬಂದು ನಿಂತಿದೆ ಎಂದು ಅಕ್ಕನಿಗೆ ಗೊತ್ತಿರಲಿಲ್ಲ.

“ಮಾಶಾ ಅಲ್ಲಾ!” ಎಂದ ಶೌಕತ ಅಲಿ. “ಅಯ್ಯನೋರ, ನೋಡ್ರಿ ಇಲ್ಲಿ! ಚಂದ್ರ ಬಂದಂಗ ಬಂದದ. ಅಳತಿ ತಗೊಂಡು ಹೊಲದಂಗ ಕೂಡ್ತು. ಇನ್ನೇನದ, ನಂಬರ್ ಹಾಕೋದೇ. ಏ, ಬಣ್ಣ ತಾರೋ!”

ಒಬ್ಬ ಆಳು ಕೆಂಪು ಬಣ್ಣದ ಡಬ್ಬಿ ತಂದ. ಗುರುಲಿಂಗಯ್ಯ ಎದ್ದು ನಿಂತು ಟೋಪಿ ಹಾಕಿಕೊಂಡರು. ಅವರ ಎದೆಯಿಂದ ಉಸಿರು ಹೊರಬಿದ್ದದ್ದು ಅವಳಿಗೆ ಕಾಣಿಸಿತು.

“ಸಂಜೀ ಗಾಡಿ ಸಿಗ್ತದಲ್ಲ?” ಎಂದರು ಯಾರಿಗೋ.

ಭುವನೇಶ್ವರಿ ರೊಟ್ಟಿಯ ಮೇಲಿನ ಕೈ ತೆಗೆದಿರಲಿಲ್ಲ. ಕಣ್ಣಿನ ಮುಂದೆ ಬಿಳಿ ಗೋಡೆ ಬಂತು, ಕಿಟಕಿಯ ಬೆಳ್ಳಗಿನ ಚೌಕ ಬಂತು. ಅದರ ಮುಂದೆ ಅಕ್ಕನೂ ಇರಲಿಲ್ಲ, ತಾನೂ ಇರಲಿಲ್ಲ. ಕಟ್ಟೆ ಮಾತ್ರ ಇತ್ತು, ಸರಿಯಾದ ಎತ್ತರದಲ್ಲಿ. ಆಮೇಲೆ ಸೇಡಮ್ಮಿನ ಕಪ್ಪು ಬೋರ್ಡು ಬಂತು. ಒಂದು ಗೆರೆ, ಒಳಗೆ ಏನೂ ಇಲ್ಲ. ಅಲ್ಲಿ ಉಳಿಯುವುದೆಂದರೆ ಏನು ಎಂದೂ ಅವಳಿಗೆ ಗೊತ್ತಿರಲಿಲ್ಲ. ಬೇಡ ಎನ್ನಲು ಈಗಲೂ ಕಾರಣ ಇರಲಿಲ್ಲ. ಬಾಯಲ್ಲಿ ಒಂದು ಮಾತಿತ್ತು. ಅದೂ ಅವಳದಲ್ಲ.

“ಒಂದ್ ಬೆರಳು ಹೆಚ್ಚಾತು,” ಎಂದಳು.

ಆಳು ಕುಂಚವನ್ನು ಡಬ್ಬಿಯಲ್ಲಿ ಅದ್ದಿ ಹಾಗೆಯೇ ನಿಂತ. ತುದಿಯಿಂದ ಕೆಂಪು ಹನಿಯೊಂದು ಧೂಳಿಗೆ ಬಿತ್ತು.

“ಏನಂದ್ರಿ?” ಎಂದ ಶೌಕತ ಅಲಿ.

“ಕಟ್ಟಿ. ಒಂದ್ ಬೆರಳು ಹೆಚ್ಚಾತು. ಕೆಳಗ ಮಾಡ್ರಿ.”

“ಅಲ್ಲ ಅವ್ವಾರೆ, ಇಷ್ಟು ಛಂದ ತಿರುಗಿತಲ್ಲರಿ! ಎಲ್ಲಾರೂ ನೋಡೀವಿ. ಈಗ ಕೊಯ್ದ್ರ ಮತ್ತ ಅಂಚಿಗಿ ಪಾಲೀಶ್, ಮತ್ತ ಜೋಡಸೋದು, ಹಡಗ ಎಲ್ಲಿ ಸಿಗ್ತದ? ಇನ್ನ ತಗ್ಗಸಿದ್ರ ಅಲ್ಲಿ ನಿಂತು ಬಡಿಯೋದಲ್ಲ, ಬಗ್ಗಿ ಬಡೀಬೇಕು. ಜೀವನ ತುಂಬ ಬಗ್ಗೇ ಇರಬೇಕು. ಮತ್ತ ಎತ್ತರ ಮಾಡಲಾಕ ಬರಂಗಿಲ್ಲ, ಹೇಳೀನಿ.”

“ಹೂಂ,” ಎಂದಳು.

ಜೈತುನ್ಬೀ ಒಬ್ಬಳೇ ನಕ್ಕಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಹೆಗಲು ಅಲುಗಾಡುವಂತೆ, ಗುಟ್ಟು ಬಲ್ಲವಳ ನಗು. “ನಾ ಏನ್ ಅಂದೆ? ಹಂಗೇ ಅದಾಳ. ಏನೂ ಬದಲಾಗಿಲ್ಲ.” ಕಟ್ಟೆಯ ಮೇಲೆ ಕೈಯಾಡಿಸಿ, ಒದ್ದೆ ರೊಟ್ಟಿಯ ಅಂಚು ಸಿಕ್ಕ ಕೂಡಲೇ ಎರಡೂ ಅಂಗೈಯ ಮೇಲೆ ಅದನ್ನು ಜಾಣತನದಿಂದ ಎತ್ತಿಕೊಂಡು, ಗೋಡೆಯ ಕಡೆ ಹೊರಟಳು.

ಶೌಕತ ಅಲಿ ಗುರುಲಿಂಗಯ್ಯನವರ ಕಡೆ ತಿರುಗಿದ. “ಏನ್ ಮಾಡೋದ್ರಿ ಅಯ್ಯನೋರ? ನಂಬರ್ ಹಾಕಲೋ, ಕೊಯ್ಯಲೋ? ನೀವು ಹೇಳಿದಂಗ.”

ಗುರುಲಿಂಗಯ್ಯ ಮಗಳನ್ನು ನೋಡಿದರು. ಬೆಳಿಗ್ಗೆಯಿಂದ ಮೊದಲ ಸಲ. ಅವರು ನೋಡುತ್ತಿದ್ದುದು ಯಾರನ್ನು ಎಂದು ಅವಳಿಗೆ ತಿಳಿಯಲಿಲ್ಲ. ಈ ಮಾತನ್ನು ಅವರು ಇದೇ ಅಂಗಳದಲ್ಲಿ, ಇದೇ ಬೇವಿನ ಕೆಳಗೆ ಮೊದಲೂ ಕೇಳಿದ್ದರು. ಕೇಳಿಸಿಕೊಂಡಿದ್ದರು. ಮೂರನೆಯ ಸಲ ಕೊಯ್ದ ಮೇಲೆ, ಅಕ್ಕ ಮತ್ತೆ ಬಾಯಿ ತೆರೆಯುವ ಮೊದಲೇ, ಸಾಕು ಎಂದು ಟಿಕೆಟು ಮಾಡಿಸಿದ್ದರು.

ಅವರ ತುಟಿ ಅಲುಗಿತು. ಕಣ್ಣು ಅವಳ ಮೇಲಿಂದ ಜಾರಿ, ಕಟ್ಟೆಯ ಮೇಲಿಂದ ಜಾರಿ, ಅಂಗಳದಾಚೆ ಹೋಯಿತು. ಅವಳೂ ಅತ್ತ ತಿರುಗಿದಳು.

ಜೈತುನ್ಬೀ ನಾಲ್ಕನೆಯದನ್ನು ಮೂರರ ಪಕ್ಕಕ್ಕೆ ಒತ್ತುತ್ತಿದ್ದಳು. ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು, ಕಾಣದ ಕಣ್ಣನ್ನು ಸಣ್ಣದು ಮಾಡಿ ಸಾಲು ನೋಡಿದಳು.

“ನಾಕೂ ಒಂದೇ ಕೈದು,” ಎಂದು ಅಲ್ಲಿಂದಲೇ ಕೂಗಿ ಹೇಳಿದಳು.

ಯಂತ್ರ ಇನ್ನೂ ಸುಮ್ಮನಿತ್ತು. ಆಳಿನ ಕುಂಚ ಗಾಳಿಯಲ್ಲಿ ಹಾಗೇ ಇತ್ತು. ಭುವನೇಶ್ವರಿ ಸುಣ್ಣದ ಗೆರೆಯೊಳಗೆ, ಒಲೆಯ ಮುಂದೆ, ಅಪ್ಪನ ಮಾತಿಗೆ ಕಾದು ನಿಂತಿದ್ದಳು. ಕೈಗೆ ಹತ್ತಿದ ಕಲ್ಲಹಿಟ್ಟು ಒಣಗಿ ಬೆರಳುಗಳು ಬಿಗಿಯುತ್ತಿದ್ದವು. ಎದುರಿನ ಗೋಡೆಯ ಮೇಲೆ ವೈಶಾಖದ ಬಿಸಿಲು ನೇರವಾಗಿ ಬಿದ್ದಿತ್ತು. ನಾಲ್ಕರಲ್ಲಿ ಒಂದು ಮಾತ್ರ ಒದ್ದೆಯಾಗಿ ಕಪ್ಪಗಿತ್ತು. ನೋಡುತ್ತಿದ್ದ ಹಾಗೆ ಅದೂ ಅಂಚಿನಿಂದ ಬೆಳ್ಳಗಾಗುತ್ತಾ ಬಂತು.